ಅಪ್ಪನ ಎದೆಯ ಖಾಲಿ ಜಾಗ

ಒಂದು ಕಣ, ಕಿಟಕಿಯ ಸರಳುಗಳ ನಡುವೆ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ತಿರುಗುತ್ತಿದೆ, ರೈಲು ಸೇಡಂ ಬಿಟ್ಟಾಯಿತು, ಬೋಗಿಯೆಲ್ಲ ಅಲುಗಾಡುತ್ತಿದೆ, ಕಣಕ್ಕೆ ಮಾತ್ರ ಅವಸರವಿಲ್ಲ — ಸಿಮೆಂಟ್ ಫ್ಯಾಕ್ಟರಿಯದೋ, ತೊಗರಿ ಹೊಲದ್ದೋ, ಎದುರು ಸೀಟಿನಲ್ಲಿ ಮಲಗಿರುವವನ ಶಾಲಿನಿಂದ ಎದ್ದದ್ದೋ, ಯಾವುದಾದರೇನು, ಒಡೆದರೆ ಅದರೊಳಗೆ ಇನ್ನೂ ಸಣ್ಣದು ಸಿಗುತ್ತದೆ, ಅದನ್ನೂ ಒಡೆದರೆ ಇನ್ನೂ ಸಣ್ಣದು, ಮೇಡಮ್, ಇದು ಎಲ್ಲಿಗಿ ಹೋಗಿ ನಿಲ್ತದ್ರಿ, ಎಂದು ಕೇಳಿದಳು ಪ್ರೀತಿ, ಇವತ್ತು ಬೆಳಿಗ್ಗೆ ಪಿಯು ಎರಡನೇ ವರ್ಷದ ಕ್ಲಾಸಿನಲ್ಲಿ. ಮಳಖೇಡದಿಂದ ಬಸ್ಸಿಗೆ ಬರುವ ಹುಡುಗಿ, ಜೂನಿನಿಂದ ಇಲ್ಲಿಯವರೆಗೆ ಹಾಜರಿಗೆ ಬಿಟ್ಟು ಬೇರೆಯದಕ್ಕೆ ಬಾಯಿ ತೆರೆಯದವಳು ಇವತ್ತೇ ತೆರೆಯಬೇಕೆ. ನಾನು ಬೋರ್ಡಿನ ಮೇಲೆ ಸೊನ್ನೆ ಬರೆದು ನಡುವೆ ಚುಕ್ಕೆ ಇಟ್ಟಿದ್ದೆ, ಇದು ಪರಮಾಣು, ಇದು ಅದರ ಬೀಜ, ಮಿಕ್ಕದ್ದೆಲ್ಲ ಖಾಲಿ ಎಂದಿದ್ದೆ, ಖಾಲಿ ಎನ್ನುವಾಗ ಸೀಮೆಸುಣ್ಣ ಮುರಿಯಿತು. ಬೀಜದೊಳಗೆ ಪ್ರೋಟಾನು, ಪ್ರೋಟಾನಿನೊಳಗೆ ಕ್ವಾರ್ಕು, ಅಲ್ಲಿಗೆ ನಮ್ಮ ಪುಸ್ತಕ ಮುಗಿಯಿತು ಎಂದೆ. ಪುಸ್ತಕ ಮುಗೀತು ಖರೆ ಮೇಡಮ್, ಅದು ಮುಗೀತೇನ್ರಿ, ಎಂದಳು. ಕ್ಲಾಸು ನಕ್ಕಿತು, ಅವಳು ನಗಲಿಲ್ಲ, ಕ್ವಾರ್ಕಿನ ಒಳಗ ಇನ್ನೊಂದು ಸೇಡಂ ಇರಬಹುದಲ್ರಿ, ಅಲ್ಲಿ ಹಿಂಗೇ ಕ್ಲಾಸ್ ನಡದಿರಬಹುದು, ನಾವೂ ಯಾರದರ ಕ್ವಾರ್ಕಿನ ಒಳಗ ಇರಬಹುದು. ಗೊತ್ತಿಲ್ಲ ಎಂದೆ. ಲುಂಬಿನಿ ಮೇಡಮ್ ಗೊತ್ತಿಲ್ಲ ಅಂದ್ರು ಎನ್ನುವುದು ಗಂಟೆ ಹೊಡೆಯುವುದಕ್ಕೆ ಮೊದಲೇ ವರಾಂಡ ದಾಟಿ ಸ್ಟಾಫ್ ರೂಮಿಗೆ ತಲುಪಿತ್ತು, ತಲುಪಲಿ, ಗೊತ್ತಿಲ್ಲ ಎಂಬ ಮಾತು ನಿನ್ನೆಯಿಂದ ನನ್ನ ನಾಲಿಗೆಗೆ ಅಂಟಿಕೊಂಡಿದೆ, ನನ್ನದಲ್ಲ ಅದು, ಡಾಕ್ಟರದು.

ನಿನ್ನೆ ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರು, ಕಾಕಾ, ನೀವೊಂದು ಚಾ ಕುಡದು ಬರ್ರಿ, ಎಂದು ಅಪ್ಪನನ್ನು ಹೊರಗೆ ಕಳಿಸಿದಾಗಲೇ ಅವ್ವ ನನ್ನ ಮೊಣಕೈ ಹಿಡಿದುಕೊಂಡಳು. ಅಪ್ಪ ಬಾಗಿಲ ತನಕ ಹೋದ, ಚೌಕಟ್ಟು ಹಿಡಿದು ನಿಂತ, ಆಮೇಲೆ ಹೋದ, ತಿರುಗಿ ನೋಡಲಿಲ್ಲ. ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಅಪ್ಪನ ಎದೆಯನ್ನು ಮೇಲಿನಿಂದ ಕೆಳಕ್ಕೆ ತೆಳ್ಳತೆಳ್ಳಗೆ ಸೀಳಿದ ಚಿತ್ರಗಳು, ಮೌಸಿನ ಚಕ್ರ ತಿರುಗಿದ ಹಾಗೆ ಒಂದರ ಕೆಳಗಿಂದ ಒಂದು — ಭುಜ, ಪಕ್ಕೆಲುಬು, ಚೆಲ್ಲಿದ ಸುಣ್ಣದಂಥ ಬಿಳಿ ಕಲೆಗಳು, ಆಮೇಲೆ ಎಡಕ್ಕೆ ಒಂದು ಕಪ್ಪು ಚುಕ್ಕೆ, ಮುಂದಿನದರಲ್ಲಿ ಅದು ದೊಡ್ಡದು, ಅದರ ಮುಂದಿನದರಲ್ಲಿ ಇನ್ನೂ ದೊಡ್ಡದು, ಆಮೇಲೆ ಎಡ ಎದೆಯೆಲ್ಲ ಕಪ್ಪು. ಕಪ್ಪಾದದ್ದೇ ಗಡ್ಡೆ ಎಂದುಕೊಂಡೆ, ಕ್ಷ-ಕಿರಣದ ಪಾಠ ಮಾಡುವವಳು ನಾನು, ಆ ಹೊತ್ತಿಗೆ ಏನೂ ನೆನಪಾಗಲಿಲ್ಲ. ಅದು ಗಾಳಿ ಮೇಡಮ್, ಎಂದರು, ಬರೇ ಗಾಳಿ, ಒಳಗ ಬಲೂನ್ ಇದ್ದಂಗ. ಕಲ್ಲಿನ ಧೂಳು, ಮ್ಯಾಲ ಬೀಡಿ, ಪುಪ್ಪಸದಾಗಿನ ಸಣ್ಣ ಸಣ್ಣ ಕೋಣಿಗಳ ಗ್ವಾಡಿ ಒಡದು ಒಡದು ಒಂದು ದೊಡ್ಡ ಖಾಲಿ ಹಾಲ್ ಆಗ್ಯಾದ, ಅದರಾಗ ಉಸಿರಾಟ ನಡಿಯಂಗಿಲ್ಲ, ಆದ್ರ ಜಾಗ ಮಾತ್ರ ಅದೇ ಹಿಡದದ, ಬಾಜೂಕಿನ ಛಲೋ ಪುಪ್ಪಸಕ್ಕ ಹಿಗ್ಗಾಕ ಬಿಡವಲ್ದು. ತೆಗೆದರೆ? ತಗದ್ರ ಉಳದದ್ದು ಹಿಗ್ಗಬಹುದು, ಅಡ್ಡಾಗಿ ಮಲಗಬಹುದು, ನಾಲ್ಕು ಹೆಜ್ಜಿ ನಡೀಬಹುದು, ಆದ್ರ ಇಂಥಾ ಎದಿಗಿ ಆಪರೇಷನ್ ಅಂದ್ರ — ಟೇಬಲ್ ಮ್ಯಾಲಿಂದ ಎಬ್ಬಸ್ತೀವಿ ಅಂತ ನಾ ಮಾತು ಕೊಡಂಗಿಲ್ಲ. ತೆಗೆಯದಿದ್ದರೆ? ಇವತ್ತರ ಒಡೀಬಹುದು, ವರ್ಷ ಬಿಟ್ಟರ ಒಡೀಬಹುದು, ಒಡದ್ರ ವ್ಯಾಳ್ಯಾ ಸಿಗಂಗಿಲ್ಲ. ಬದುಕುವ ಅವಕಾಶ ಎಷ್ಟು ಸಾರ್? ಗೊತ್ತಿಲ್ಲ ಮೇಡಮ್. ಹೈದರಾಬಾದಿನ ಸರ್ಜನ್ ಈ ವಾರ ಬರ್ತಾರ, ಮಾಡಸೂದಿದ್ರ ನಾಳಿ ಸಂಜಿಮಟ ಹೂಂ ಅಂತ ಹೇಳ್ರಿ. ನಾಳೆ ಎಂದರೆ ಇವತ್ತು, ಸಂಜೆ ಎಂದರೆ ಈ ರೈಲು ನಮ್ಮೂರು ವಾಡಿ ಮುಟ್ಟಿದ ಮೇಲೆ. ಹೊರಗೆ ಅಪ್ಪ ಚಹಾ ಕುಡಿಯದೆ ಬೇವಿನ ಗಿಡದ ಕಟ್ಟೆಗೆ ಕೂತಿದ್ದ, ಏನಂದ್ರು ಎಂದು ಕೇಳಲಿಲ್ಲ, ಕೇಳದವನಿಗೆ ಹೇಳುವುದು ಹೇಗೆ, ಅವ್ವ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು, ಬ್ಯಾಡ.

ಸಣ್ಣ ಸಣ್ಣ ಕೋಣೆಗಳು. ಶ್ವಾಸನಾಳ ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು, ಒಂದು ಗಿಡ ತಲೆಕೆಳಗಾಗಿ ನಿಂತು ಟೊಂಗೆ ಒಡೆದಂತೆ, ಒಡೆದು ಒಡೆದು ಕೊನೆಗೆ ಸಾಸಿವೆಗಿಂತ ಸಣ್ಣ ಕೋಣೆಗೆ ಬಂದು ನಿಲ್ಲುತ್ತದೆ. ನಿಲ್ಲುತ್ತದೆ ಪ್ರೀತಿ, ಇದನ್ನು ನಿನಗೆ ಹೇಳಬೇಕಾಗಿತ್ತು, ಉಸಿರಿನ ದಾರಿ ಒಂದು ಕಡೆ ನಿಲ್ಲುತ್ತದೆ, ನಿಂತ ಜಾಗದಲ್ಲೇ ಗಾಳಿ ರಕ್ತಕ್ಕೆ ಇಳಿಯುತ್ತದೆ, ನಿಲ್ಲದೆ ಕವಲೊಡೆಯುತ್ತಲೇ ಹೋಗಿದ್ದರೆ ಹುಟ್ಟಿದ ಕೂಸಿನ ಮೊದಲ ಗಾಳಿ ಇನ್ನೂ ಹಾದಿಯಲ್ಲೇ ಇರುತ್ತಿತ್ತು. ಆದರೆ ಅದು ಉಸಿರಿಗಾಯಿತು, ಕಲ್ಲಿಗೆ? ರಾವೂರಿನ ಕಲ್ಲಿನ ಗಣಿ, ನಾನು ಫ್ರಾಕು ಹಾಕಿಕೊಂಡು ಬುತ್ತಿ ಹೊತ್ತು ಹೋಗುತ್ತಿದ್ದ ಕಾಲ, ಗುಂಡಿಯ ತಳದಲ್ಲಿ ಅಪ್ಪ, ಮೈಯೆಲ್ಲ ಬೂದಿ ಬಣ್ಣ, ಕಣ್ಣು ಮಾತ್ರ ಕೆಂಪು. ಹಾಸುಗಲ್ಲಿನ ಅಂಚಿಗೆ ಉಳಿ ಇಟ್ಟು ಮೆಲ್ಲಗೆ ತಟ್ಟುತ್ತಾನೆ, ಕಲ್ಲು ಪುಸ್ತಕದ ಹಾಗೆ ತೆರೆದುಕೊಂಡು ಎರಡಾಗುತ್ತದೆ, ಒಳಗಿನ ಮುಖ ನುಣ್ಣಗೆ, ತಣ್ಣಗೆ, ಇದಕ್ಕ ಇಲ್ಲೀಮಟ ಬಿಸಲೇ ಬಿದ್ದಿಲ್ಲ ನೋಡು, ನೀನೇ ಮೊದಲ ಮುಟ್ಟಾಕಿ, ಎನ್ನುತ್ತಾನೆ. ಮುಟ್ಟುತ್ತೇನೆ. ಇನ್ನ ಸೀಳಪ್ಪ. ಸೀಳುತ್ತಾನೆ. ಇನ್ನ ಸೀಳು. ಇನ್ನ ಸೀಳಿದ್ರ ಪುಡಿ ಆಗ್ತದವ್ವ. ಪುಡಿ ಸೀಳಾಕ ಬರಂಗಿಲ್ಲೇನು? ಅಪ್ಪ ನಗುತ್ತಾನೆ, ಆಗ ಅವನಿಗೆ ನಗುವುದಕ್ಕೆ ಉಸಿರಿತ್ತು, ಗುಂಡಿಯೆಲ್ಲ ತುಂಬುವಂಥ ನಗು, ಅದಕ್ಕ ಬ್ಯಾರೆ ಉಳಿ ಬೇಕು, ನೀ ಸಾಲಿ ಕಲ್ತು ತಗೊಂಬಾ. ಸಾಲಿ ಕಲಿತೆ. ಆ ಪುಡಿ ಎಲ್ಲಿಗೆ ಹೋಯಿತೆಂದು ಈಗ ಗೊತ್ತಾಗಿದೆ. ಗಣಿಯಲ್ಲಿ ಅಷ್ಟಿಷ್ಟು, ಆಮೇಲೆ ವಾಡಿಯ ಪಾಲಿಶ್ ಮಷೀನಿನ ಮುಂದೆ ಅಷ್ಟೂ, ಅವನು ತನ್ನ ಆಯುಷ್ಯವಿಡೀ ಸೀಳಿದ ಕಲ್ಲು ನೆಲವಾಗಿ ಯಾರ್ಯಾರ ಮನೆಯಲ್ಲೋ ಇದೆ, ಪುಡಿ ಮಾತ್ರ ಅವನಲ್ಲೇ ಇದೆ, ಒಂದೊಂದು ಕಣದೊಳಗೂ ಕೋಟಿ ಕೋಟಿ ಪರಮಾಣು, ಒಂದೊಂದರೊಳಗೂ ಬೀಜದ ಸುತ್ತ ಖಾಲಿ, ಪ್ರೀತಿ ಹೇಳಿದಂತೆ ಅದರೊಳಗೆ ಊರುಗಳಿದ್ದರೆ ಅಪ್ಪ ಕೆಮ್ಮಿದಾಗ ಅಲ್ಲಿ ಏನಾಗುತ್ತದೆ, ಆಕಾಶ ಸರಿಯುತ್ತದೆಯೇ, ಅಲ್ಲೊಬ್ಬಳು ರೈಲಿನಲ್ಲಿ ಕೂತು ತನ್ನ ಅಪ್ಪನ ಬಗ್ಗೆ — ಸಾಕು.

ಮಳಖೇಡ ರೋಡ್ ಸ್ಟೇಷನ್ ಹಿಂದೆ ಹೋಯಿತು. ತೊಗರಿ ಹೂ ಬಿಟ್ಟಿದೆ, ಕಣ್ಣು ಹಾಯುವ ತನಕ ಹಳದಿ, ಅದರಾಚೆ ಫ್ಯಾಕ್ಟರಿಯ ಚಿಮಣಿ, ಚಿಮಣಿಯಾಚೆ ಆಕಾಶ, ಆಕಾಶದಾಚೆ — ಒಳಕ್ಕೆ ಹೋಗಲು ಭಯವಾದರೆ ಹೊರಕ್ಕೆ ಹೋಗಬಹುದು, ಮನಸ್ಸಿಗೆ ಕೂರಲು ಒಂದು ಜಾಗ ಬೇಕು ಅಷ್ಟೇ, ಆದರೆ ಹೊರಗೂ ಅದೇ ಕತೆ. ಬೆಳಕು ಬಂದು ಮುಟ್ಟಿದಷ್ಟು ದೂರ ಮಾತ್ರ ನಮಗೆ ಕಾಣುವುದು, ಅದರಾಚೆ ಇಲ್ಲ ಎಂದಲ್ಲ, ಕಾಣುವುದಿಲ್ಲ ಎಂದು. ಅಳೆದವರು ಎಷ್ಟು ಅಳೆದರೂ ವಿಶ್ವದಲ್ಲಿ ಬಾಗು ಸಿಕ್ಕಿಲ್ಲ, ಚಪ್ಪಟೆ, ಹೀಗೇ ಹೋಗುತ್ತಲೇ ಇರಬಹುದು. ಹೋಗುತ್ತಲೇ ಇದ್ದರೆ, ಇರುವ ಪರಮಾಣುಗಳನ್ನು ಜೋಡಿಸುವ ಬಗೆ ಎಂದೋ ಮುಗಿದು ಮತ್ತೆ ಮೊದಲಿನಿಂದ ಬರಲೇಬೇಕು, ಎಣಿಸಲಾರದಷ್ಟು ದೂರದಲ್ಲಿ ಇನ್ನೊಂದು ವಾಡಿ, ಅಲ್ಲಿ ಅಪ್ಪ ಆಪರೇಷನ್ನಿನಿಂದ ಎದ್ದು ಕೂತಿದ್ದಾನೆ, ಇನ್ನೊಂದರಲ್ಲಿ ಎದ್ದಿಲ್ಲ, ಇನ್ನೊಂದರಲ್ಲಿ ನಾನು ಹೇಳಲೇ ಇಲ್ಲ, ಸಂಜೆ ಕಳೆಯಿತು, ಸರ್ಜನ್ ಬಂದು ಹೋದರು. ಓದುವ ಕಾಲದಲ್ಲಿ ಇದನ್ನು ಕೇಳಿ ಮೈ ಜುಮ್ಮೆಂದಿತ್ತು. ಈಗ ಸಿಟ್ಟು ಬರುತ್ತಿದೆ, ಎಲ್ಲ ಆಗಿಯೇ ಆಗುತ್ತದೆ ಎಂದರೆ ನಾನು ಆರಿಸುವುದಕ್ಕೆ ಏನು ಬೆಲೆ, ಅಲ್ಲಿ ಎದ್ದು ಕೂತ ಅಪ್ಪ ನನ್ನ ಅಪ್ಪನಲ್ಲ. ಫೋನು. ಅವ್ವ. ಎಲ್ಲಿದ್ದಿ? ರೈಲಿನಾಗ. ಅವರಿಗಿ ಏನೂ ಹೇಳಬ್ಯಾಡ ಲುಂಬಿ, ಹೇಳಿದ್ರ ಅಂಜಿ ಇವತ್ತೇ ಉಸರು ಬಿಡ್ತಾರ, ಪೂರಾ ಛಲೋ ಆಗ್ತದ ಅಂತ ಸುಳ್ಳ ಹೇಳಿ ಕರಕೊಂಡು ಹೋಗಮು, ಇಲ್ಲಂದ್ರ ಸುಮ್ಮ ಬಿಡಮು, ಯಾವದರ ಒಂದು ನೀನೇ ತಿಳಕೊಂಡು ಮಾಡು, ನೀ ಕಲ್ತಾಕಿ. ಅಪ್ಪ ಏನ್ ಮಾಡಾಕತ್ಯಾನ? ಮನ್ಯಾಗ ಇಲ್ಲ, ಹಗೂರಕ ನಡಕೋತ ಹೋಗ್ಯಾರ, ಬುದ್ಧ ವಿಹಾರದ ಕಡಿ ಹೋಗಿರಬೇಕು. ಅವ್ವನ ಧ್ವನಿ ಹರಿದು ಹೋಯಿತು, ಸಿಗ್ನಲ್ ಇಲ್ಲ. ವಿಹಾರ. ಅಲ್ಲಿಯ ಭಿಕ್ಷು ಭಂತೇಜಿಗೆ ನಾನು ಒಮ್ಮೆ ಕೇಳಿದ್ದೆ, ಲೋಕಕ್ಕ ಕೊನಿ ಅದನೋ ಇಲ್ಲೋ, ಬುದ್ಧ ಏನಂದಾರ. ಏನೂ ಅಂದಿಲ್ಲ ಮಗಾ, ಕೇಳಿದವರಿಗಿ ಸುಮ್ಮ ಕುಂತರು, ಎಂದು ಅವರು ಬಾಣದ ಕತೆ ಹೇಳಿದರು, ವಿಷದ ಬಾಣ ನಾಟಿದವನು ಬಿಟ್ಟವರು ಯಾರು, ಬಿಲ್ಲು ಯಾವ ಕಟ್ಟಿಗೆಯದು ಎಂದು ವಿಚಾರಿಸುತ್ತ ಕೂತರೆ ಸಾಯುತ್ತಾನೆ, ಮೊದಲು ಬಾಣ ಕೀಳಬೇಕು. ಅಪ್ಪನಿಗೆ ಆ ಕತೆ ಭಾಳ ಸೇರುತ್ತಿತ್ತು, ನನಗೆ ಸೇರಲಿಲ್ಲ, ನನಗೆ ಕೊನೆ ಬೇಕಾಗಿತ್ತು, ಈಗಲೂ ಬೇಕು, ಬಾಣ ಕಿತ್ತ ಮೇಲೆ ಆ ಮನುಷ್ಯ ಉಳಿದನೇ ಇಲ್ಲವೇ, ಅದನ್ನು ಯಾರೂ ಹೇಳುವುದಿಲ್ಲ.

ಚಿತ್ತಾಪುರ. ಇಳಿಯುವವರು, ಹತ್ತುವವರು, ಮಲಗಿದ್ದವನು ಶಾಲು ಝಾಡಿಸಿ ಇಳಿದು ಹೋದ, ಅವನ ಜಾಗದಲ್ಲಿ ಒಬ್ಬ ಮುದುಕಿ, ಕರಿ ಬುರ್ಖಾ, ಮುಖ ತೆರೆದಿದೆ, ತೊಡೆಯ ಮೇಲೆ ಪೇರಲದ ಚೀಲ, ಕಿವಿಗೆ ಫೋನು, ಅಖ್ತರ ಬೇಗಂ ಗಾಡಿ ಹತ್ಯಾಳ ಅಂತ ಅಳಿಯಗ ಹೇಳು, ಶಹಾಬಾದ ಸ್ಟೇಷನ್ನಿಗಿ ಬಾ ಅನ್ನು. ಫೋನು ಇಟ್ಟು ನನ್ನನ್ನು ನೋಡಿದಳು. ಅಕ್ಕಾರ, ನಿಮ್ಮ ತುಟಿ ಅಲ್ಲಾಡಾಕತ್ತಾವ, ದುವಾ ಮಾಡಾಕತ್ತೀರೇನು? ನಾನು ತುಟಿ ಮುಟ್ಟಿಕೊಂಡೆ. ಇಲ್ಲ್ರಿ, ಲೆಕ್ಕ ಮಾಡಾಕತ್ತೀನಿ. ಏನ್ ಲೆಕ್ಕ? ಅಪ್ಪನದು, ಎಂದೆ, ಎಂದದ್ದೇ ತಡ, ಒಡ್ಡು ಒಡೆದಂತೆ ಎಲ್ಲ ಬಂತು, ಬಲೂನು, ಟೇಬಲ್ಲು, ಸಂಜೆ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಅಪ್ಪ, ಅವ್ವನ ಬ್ಯಾಡ, ಸ್ವಂತ ಅಪ್ಪನಿಗೆ ಹೇಳಲಾಗದ್ದನ್ನು ಹೆಸರು ಮಾತ್ರ ಗೊತ್ತಿರುವ ಮುದುಕಿಗೆ ಹೇಳುತ್ತಿದ್ದೇನೆ, ಅವಳು ಅಯ್ಯೋ ಅನ್ನಲಿಲ್ಲ, ಅಲ್ಲಾ ಮಾಡಿದಾಂಗ ಅನ್ನಲಿಲ್ಲ, ಪೇರಲದ ಚೀಲವನ್ನು ಪಕ್ಕಕ್ಕಿಟ್ಟು ಕೇಳಿದಳು. ಅವರಿಗಿ ಕೇಳೀರೇನು? ಇಲ್ಲ್ರಿ. ಯಾಕ? ಅಂಜತಾರ ಅಂತ. ಯಾರು ಅಂಜತಾರ? ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು, ನಮ್ಮ ಮನಿಯವರು ಇದೇ ಚಿತ್ತಾಪುರದಾಗ ದರ್ಜಿ ಇದ್ದರು ಬೇಟಿ, ಹೊಟ್ಟ್ಯಾಗ ಬ್ಯಾನಿ ಆತು, ಮಕ್ಕಳು ಗಾಡ್ಯಾಗ ಹಾಕ್ಕೊಂಡು ಹೈದರಾಬಾದಿಗಿ ಒಯ್ದರು, ಛಲೋ ಆಗಲಿ ಅಂತೇ ಒಯ್ದರು, ತಾಂಡೂರ ದಾಟಿದ ಮ್ಯಾಲ ನನ್ನ ಕಡಿ ನೋಡಿ, ಬೇಗಂ, ಇವರು ನನಗ ಎಲ್ಲಿಗಿ ಒಯ್ಯಾಕತ್ತಾರ, ಅಂದರು. ಮಗ ಕಣ್ಣ ಸನ್ನಿ ಮಾಡಿದ, ನಾ ಹವಾ ಬದಲಿಗಿ ಅಂದೆ. ಅದೇ ಕಡೀ ಮಾತು. ರೈಲು ಸದ್ದು ಮಾಡುತ್ತಿತ್ತು, ಬೋಗಿಯಲ್ಲಿ ಯಾರೋ ಶೇಂಗಾ ಮಾರುತ್ತಿದ್ದರು. ಬ್ಯಾಡ ಅಂದ್ರ ಏನ್ ಮಾಡ್ಲಿ, ಎಂದೆ. ಬ್ಯಾಡ ಅಂದ್ರ ಬ್ಯಾಡ. ಹೂಂ ಅಂದು ಏನರ ಹೆಚ್ಚುಕಮ್ಮಿ ಆದ್ರ? ಆದ್ರ ಆತು, ಎದಿ ಅವರದು. ಹಣ್ಣು ತಿನ್ರಿ, ಮುಂಜಾನಿಂದ ಏನೂ ತಿಂದಿಲ್ಲ ಅನಸ್ತದ. ತಿಂದೆ. ಬೀಜ ಹಲ್ಲಿನ ಸಂದಿಗೆ ಸಿಕ್ಕಿತು, ನಾಲಿಗೆ ಅಲ್ಲಿಗೇ ಹೋಗುತ್ತದೆ, ಹೋಗುತ್ತದೆ, ಒಳಕ್ಕೂ ಕೊನೆಯಿಲ್ಲ ಹೊರಕ್ಕೂ ಕೊನೆಯಿಲ್ಲ ಎಂದರೆ ನಡು ಎಲ್ಲಿ, ನಡುವೇ ಇಲ್ಲವೇ ಅಥವಾ ಎಲ್ಲವೂ ನಡುವೆಯೇ, ಯಾರು ಅಂಜತಾರ ಎಂದು ಕೇಳಿದಳಲ್ಲ, ನಾನು ಅಂಜುತ್ತೇನೆ ಬೇಗಂ, ಅಪ್ಪ ದೊಡ್ಡವನೂ ಅಲ್ಲ ಸಣ್ಣವನೂ ಅಲ್ಲ, ಯಾವ ಅಳತೆಯಿಂದ ನೋಡಿದರೂ ಅವನು ಕಳೆದುಹೋಗುತ್ತಾನೆ, ಹತ್ತಿರ ಹೋದರೆ ಬರೇ ಕಣ, ದೂರ ಹೋದರೆ ಕಾಣುವುದೇ ಇಲ್ಲ, ಅವನು ಅಪ್ಪನಾಗಿ ಕಾಣುವುದು ಕೈಯಳತೆಯ ದೂರದಲ್ಲಿ ಮಾತ್ರ, ಅಲ್ಲಿಗೇ ನಾನು ನಿನ್ನೆಯಿಂದ ಹೋಗಿಲ್ಲ.

ವಾಡಿ ಬಂತು, ಹಳಿಗಳು ಎರಡಾಗಿ ನಾಲ್ಕಾಗಿ ಹಬ್ಬುತ್ತಿವೆ. ಖುದಾ ಹಾಫಿಜ್ ಬೇಟಿ ಎಂದಳು, ಬರ್ತೀನ್ರಿ ಎಂದೆ, ಇಳಿದೆ, ಪ್ಲಾಟ್‌ಫಾರಂ, ಚಹಾದ ವಾಸನೆ, ಕಾದ ಕಬ್ಬಿಣದ ವಾಸನೆ, ವಿಹಾರಕ್ಕೆ ಹೋಗಿ ಕರೆದುಕೊಂಡು ಬರಬೇಕು, ಹೇಗೆ ಶುರು ಮಾಡಲಿ, ಅಪ್ಪಾ ಒಂದು ಮಾತು — ಅಷ್ಟರಲ್ಲಿ ನೀರಿನ ನಳದ ಆಚೆಯ ಬೆಂಚಿನ ಮೇಲೆ ಅಪ್ಪ. ಎರಡೂ ಕೈ ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿ ಕೂತಿದ್ದಾನೆ, ಬಿಳಿ ಅಂಗಿ, ಮೇಲಿನ ಗುಂಡಿ ಹಾಕಿಲ್ಲ, ಹಾಕಿದರೆ ಬಿಗಿಯಾಗುತ್ತದಂತೆ. ಕುತ್ತಿಗೆಯ ಬುಡದಲ್ಲಿ, ಎರಡು ಎಲುಬು ಕೂಡುವಲ್ಲಿ, ಒಂದು ಗುಳಿ. ಉಸಿರು ಎಳೆದಾಗ ಚರ್ಮ ಒಳಕ್ಕೆ ಹೋಗಿ ಗುಳಿ ಬೀಳುತ್ತದೆ, ಬಿಟ್ಟಾಗ ತುಂಬುತ್ತದೆ. ಇಲ್ಲಿ ಯಾಕ ಬಂದಿ, ಎಂದೆ, ಎಷ್ಟು ದೂರ ನಡೆದಿದ್ದಾನೆ. ಮನ್ಯಾಗ ನಿಮ್ಮವ್ವ ಮಾತಾಡಗೊಡಂಗಿಲ್ಲ, ಎಂದ, ಎಂದು ಎರಡು ಸಲ ಉಸಿರು ಎಳೆದು, ಕುಂದ್ರು, ಹೇಳು, ಎಂದ. ಏನ್ ಹೇಳಲಪ್ಪ. ನನಗ ಚಾ ಕುಡಿಯಾಕ ಕಳಿಸಿ ಮಾತಾಡಿದ್ದು. ಕೂತೆ. ಅವನ ಮುಖ ನೋಡಿ ಹೇಳಲು ಆಗಲಿಲ್ಲ, ಗುಳಿಯನ್ನು ನೋಡುತ್ತ ಹೇಳಿದೆ, ಎಡಗಡಿ ಎದ್ಯಾಗ ಒಂದು ಬಲೂನಿನಂಥಾದ್ದು ಬೆಳದದ ಅಪ್ಪ, ಮುಷ್ಟಿಗಿಂತ ದೊಡ್ಡದು. ಅದರಾಗ ಏನದ? ಗಾಳಿ. ಹಳೀ ಗಾಳಿ, ಬರೂದಿಲ್ಲ ಹೋಗೂದಿಲ್ಲ. ಅಂದ್ರ ಏನೂ ಇಲ್ಲ. ಏನೂ ಇಲ್ಲ. ಅಪ್ಪ ಅಂಗೈಯನ್ನು ಎಡ ಎದೆಯ ಮೇಲೆ ಇಟ್ಟುಕೊಂಡ, ಕಲ್ಲಿನ ಪದರು ಹುಡುಕುವಾಗ ಇಡುತ್ತಿದ್ದ ಹಾಗೆ. ಏನೂ ಇಲ್ಲದ್ದು ಇಷ್ಟು ಭಾರ ಆಗ್ತದೇನು ಲುಂಬಿ, ನಾ ಒಳಗ ಕಲ್ಲು ತುಂಬ್ಯಾವ ಅಂದುಕೊಂಡಿದ್ದೆ. ಗುಳಿ ಬಿತ್ತು, ತುಂಬಿತು. ತಗಸಾಕ ಬರ್ತದೇನು? ಬರ್ತದ. ತಗಸಿದ್ರ? ಉಳದ ಪುಪ್ಪಸ ಹಿಗ್ಗಬಹುದು, ಅಡ್ಡಾಗಿ ಮಲಗಬಹುದು, ಅಥವಾ ಟೇಬಲ್ ಮ್ಯಾಲಿಂದ ಎದ್ದೇಳಲಿಕ್ಕಿಲ್ಲ. ಬಿಟ್ಟರ? ಯಾವಾಗರ ಒಡೀಬಹುದು. ಯಾವುದು ಛಲೋ? ಗೊತ್ತಿಲ್ಲಪ್ಪ. ಡಾಕ್ಟರಿಗಿ? ಅವರಿಗೂ ಗೊತ್ತಿಲ್ಲ. ಅಪ್ಪ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ನಾನು ಬೆನ್ನು ಹಿಡಿದುಕೊಂಡೆ, ಬೆನ್ನಿನ ಎಲುಬು ನನ್ನ ಬೆರಳಿಗೆ ಒಂದೊಂದಾಗಿ ಸಿಕ್ಕವು, ನೀರು ಕುಡಿದ ಮೇಲೆ ಅಂದ, ಛಲೋ ಆತು, ನೀನೂ ಡಾಕ್ಟರೂ ಇಬ್ಬರೂ ಖರೆ ಹೇಳೀರಿ. ನಿಮ್ಮವ್ವ ಸುಳ್ಳ ಹೇಳಿದ್ರ ನನಗ ಗೊತ್ತಾಗ್ತದ, ನೀ ಸುಳ್ಳ ಹೇಳಿದ್ರ ಗೊತ್ತಾಗಂಗಿಲ್ಲ, ಅದೇ ಅಂಜಿಕಿ ಇತ್ತು.

ಒಂದು ಗೂಡ್ಸು ಬಂತು, ಸಿಮೆಂಟಿನ ಡಬ್ಬಗಳು ಒಂದರ ಹಿಂದೊಂದು, ಅಪ್ಪ ಡಬ್ಬಗಳನ್ನು ನೋಡುತ್ತಿದ್ದಾನೆ, ನಾನು ಅವನನ್ನು, ಎಷ್ಟು ಹೊತ್ತಿಗೂ ಮುಗಿಯದ ಗೂಡ್ಸು, ಮುಗಿಯಿತು, ಹಿಂದಿನ ದೀಪ ಹೋಯಿತು. ಅಡ್ಡಾಗಿ ಮಲಗಬಹುದು ಅಂತ ಡಾಕ್ಟರು ಅಂದ್ರೇನು, ತಗಸಿದ್ರ? ಎಂದ. ಅಂದ್ರು, ಮಲಗಬಹುದು ಅಂದ್ರು, ಮಲಗೇ ಮಲಗ್ತಾರ ಅನ್ನಲಿಲ್ಲ. ಹೋದ ಮಳಿಗಾಲದಿಂದ ನಾ ನೆಲಕ್ಕ ಬೆನ್ನ ಹಚ್ಚಿಲ್ಲವ್ವ, ಎಂದ, ಊರ ಮಂದಿ ಮನಿಗೆಲ್ಲ ನೆಲಕ್ಕ ಹಾಸಾಕ ಪರಸಿ ಕಲ್ಲು ಕೊಟ್ಟೀನಿ, ನನ್ನ ಮನಿ ಪರಸಿ ಮ್ಯಾಲ ಒಂದ್ ಸಲ ಅಂಗಾತ ಮಲಗಿ ಜಂತಿ ನೋಡಬೇಕು. ಹೂಂ ಅಂತ ಹೇಳು. ಅಪ್ಪಾ, ವಿಚಾರ ಮಾಡು, ಇನ್ನ ವ್ಯಾಳ್ಯಾ ಅದ. ಎಲ್ಲಿ ಅದ? ಸಂಜಿಮಟ. ಮಾಡೀನಿ, ಹೇಳು. ನನ್ನ ಬೆರಳು ದವಾಖಾನೆಯ ನಂಬರನ್ನು ಒತ್ತಿದವು, ಹೂಂ ಎಂದೆ, ಆಚೆಯಿಂದ ನಾಳಿ ಮುಂಜಾನಿ ಕರಕೊಂಡು ಬರ್ರಿ ಎಂದರು, ಅಷ್ಟೇ, ಇಷ್ಟು ಹೊತ್ತು ಆಕಾಶದಷ್ಟಿದ್ದದ್ದು ಒಂದು ಅಕ್ಷರದಲ್ಲಿ ಮುಗಿಯಿತು. ಅಪ್ಪ ಕೈ ಚಾಚಿದ, ಫೋನ್ ಕೊಡು, ನಿಮ್ಮವ್ವಗ ನಾನೇ ಹೇಳ್ತೀನಿ. ತುಳಜಾ, ಎಂದ, ಅವ್ವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಕಡಿಮೆ, ನಾ ಹೂಂ ಅಂದೀನಿ, ಚೀಲ ತಯಾರ ಮಾಡು, ಅಳಬ್ಯಾಡ, ಅಕೀಗಿ ಬೈಬ್ಯಾಡ, ನಾನೇ ಕೇಳೀನಿ, ಅಕಿ ಹೇಳ್ಯಾಳ. ಆಚೆ ಅವ್ವ ರಾತ್ರಿಯ ಊಟದ್ದು ಕೇಳಿದಳು ಅನಿಸುತ್ತದೆ, ಹೂಂ, ಬ್ಯಾಳಿ ತೆಳ್ಳಗ ಮಾಡು, ಎಂದು ನನಗೆ ಕೊಟ್ಟ. ಎದ್ದೆವು. ಆಚೆ ಬದಿಗೆ ಹೋಗಲು ಮೇಲ್ಸೇತುವೆ ಹತ್ತಬೇಕು, ಬೇಡಪ್ಪ, ಸುತ್ತಿ ಆಟೋದಲ್ಲಿ ಹೋಗೋಣ ಎಂದರೆ ಕೇಳಲಿಲ್ಲ, ಹತ್ತಿ ಬಂದೀನಿ, ಹತ್ತಿ ಹೋಗ್ತೀನಿ, ಎಂದ, ನಾಲ್ಕು ಮೆಟ್ಟಿಲು, ನಿಂತ, ಮತ್ತೆ ನಾಲ್ಕು, ನಡುವಿನ ಕಟ್ಟೆಯ ಮೇಲೆ ಕಂಬಿ ಹಿಡಿದು ನಿಂತುಬಿಟ್ಟ, ಕೈಯೆತ್ತಿ ತಡಿ ಎಂದು ಸನ್ನೆ ಮಾಡಿದ, ಮುಖ ನನ್ನ ಕಡೆ ಇದೆ, ಕೈಯಳತೆಯಲ್ಲಿ ಇದೆ, ಜನ ಪಕ್ಕದಿಂದ ಹತ್ತಿ ಹೋಗುತ್ತಿದ್ದಾರೆ, ಕೆಳಗೆ ಹಳಿಗಳು ಹೈದರಾಬಾದಿಗೆ, ಮುಂಬೈಗೆ, ಹೋಗುತ್ತಲೇ ಇರುವ ಹಳಿಗಳು, ನಾಳೆ ಮುಂಜಾನೆ, ಟೇಬಲ್ಲು, ಹೂಂ ಎಂದದ್ದು ಸರಿಯೇ, ಇನ್ನೊಂದು ವಾಡಿಯಲ್ಲಿ — ಇಲ್ಲ, ಅಲ್ಲಿಗೆ ಹೋಗುತ್ತಿಲ್ಲ ಮನಸ್ಸು, ಒಳಕ್ಕೂ ಹೋಗುತ್ತಿಲ್ಲ, ಎಳೆದರೂ ಬರುತ್ತಿಲ್ಲ, ಅಪ್ಪನ ಕುತ್ತಿಗೆಯ ಬುಡದಲ್ಲಿ ಗುಳಿ, ಹೆಬ್ಬೆಟ್ಟು ಕೂರುವಷ್ಟು, ಚರ್ಮ ಒಳಕ್ಕೆ ಹೋಯಿತು, ಅಂಚಿನ ಎರಡು ಎಲುಬು ಎದ್ದು ಕಂಡವು, ಬೆವರಿನ ಒಂದು ಹನಿ ಅದರೊಳಗೆ ಇಳಿಯಿತು, ತುಂಬಿತು. ಗುಳಿ ಬಿತ್ತು. ತುಂಬಿತು. ಗುಳಿ ಬಿತ್ತು — ತುಂಬಲಿ — ತುಂಬಿತು. ಗುಳಿ.